ಕೋಡು ಕಟ್ಟಿಕೊಂಡ ಕುದುರೆಮರಿ

ನಮ್ಮ ಕೇರಿಗೆ ಸಿನಿಮಾ ಬರುತ್ತಿದ್ದದ್ದು ಸರಕಾರದ ಗಾಡಿಯಲ್ಲಿ. ಟಿಕೀಟು ಇಲ್ಲ, ಕುರ್ಚಿ ಇಲ್ಲ, ಎರಡು ಬಿದಿರಿನ ಗಳ ನೆಟ್ಟು ಬಿಳಿ ಪರದೆ ಕಟ್ಟಿದರೆ ಅದೇ ಟಾಕೀಜು. ಪುಕ್ಕಟೆ ಸಿನಿಮಾ ಎಂದರೆ ಬೇರೆ ಊರಿನವರು ಕುಣಿಯುತ್ತಿದ್ದರೇನೋ, ನಮ್ಮವರು ಮಾತ್ರ ಗಾಡಿಯ ಸದ್ದು ಕೇಳಿದರೆ ಬೆವರುತ್ತಿದ್ದರು. ಯಾಕೆಂದರೆ ಆ ಗಾಡಿ ಸುಮ್ಮನೆ ಬಂದದ್ದೇ ಇಲ್ಲ. ಸಿಡುಬಿನ ಸಿನಿಮಾ ತೋರಿಸಿ ಹೋಯಿತು, ಅದರ ಬೆನ್ನಿಗೇ ಸೂಜಿಯವರು ಬಂದರು. ಸೊಳ್ಳೆಯ ಸಿನಿಮಾ ತೋರಿಸಿ ಹೋಯಿತು, ಹೆಗಲಿಗೆ ಡಬ್ಬಿ ಕಟ್ಟಿಕೊಂಡವರು ಬಂದು ಮನೆಯ ಗೋಡೆಗೆಲ್ಲ ನಾರುವ ನೀರು ಹೊಡೆದರು. ಚಿಕ್ಕ ಸಂಸಾರದ ಸಿನಿಮಾ ತೋರಿಸಿ ಹೋದಾಗಲಂತೂ ಗಂಡಸರೆಲ್ಲ ಕಾಡು ಸೇರಿ ಮರ ಹತ್ತಿ ಕೂತುಬಿಟ್ಟರು. ಹೆಂಗಸರು ಗಂಜಿ ಹೊತ್ತುಕೊಂಡು ಹೋಗಿ ಮರದ ಬುಡದಲ್ಲಿಟ್ಟು, ಮೇಲೆ ನೋಡದೆ, ದನ ಹುಡುಕುವವರ ಹಾಗೆ ನಟಿಸಿ ಬರುತ್ತಿದ್ದರು.

ಹೀಗಾಗಿ ನಮ್ಮಲ್ಲಿ ಒಂದು ತಿಳಿವಳಿಕೆ ಗಟ್ಟಿಯಾಗಿತ್ತು. ಮೊದಲು ಪರದೆಯ ಮೇಲೆ ತೋರಿಸುತ್ತಾರೆ, ಆಮೇಲೆ ನಮ್ಮ ಕೈಯಲ್ಲಿ ಮಾಡಿಸುತ್ತಾರೆ. ಸುಮ್ಮನೆ ನಗಲಿ ಎಂದು ಯಾರಾದರೂ ಇಷ್ಟು ದೂರ ಡೀಸೆಲ್ ಸುಟ್ಟುಕೊಂಡು ಬಂದು ಸಿನಿಮಾ ತೋರಿಸುತ್ತಾರೆ ಎಂಬುದು ನಮ್ಮ ತಲೆಗೆ ಹೊಳೆಯುವ ಸಂಗತಿಯೇ ಆಗಿರಲಿಲ್ಲ. ಈಗ ಹೇಳಿದರೆ ಜನ ನಗುತ್ತಾರೆ. ನಗಲಿ. ಅವರ ಮನೆ ಬಾಗಿಲಿಗೆ ಆ ಗಾಡಿ ಬಂದಿರಲಿಲ್ಲ.

ಕೇರಿ ಎಂದೆನಲ್ಲ, ಅದು ಸಿದ್ದಿಗಳ ಕೇರಿ. ಮುಂಡಗೋಡದಿಂದ ಕಾಡಿನ ಕಡೆ ಹೊರಳಿದರೆ ಒಂದಷ್ಟು ಮಣ್ಣಿನ ಮನೆಗಳು. ಮಳೆಗಾಲದಲ್ಲಿ ಟಿಬೆಟನ್ ಕಾಲೊನಿಯ ಗೋವಿನಜೋಳದ ಹೊಲಗಳಲ್ಲಿ ಕೂಲಿ, ಬೇಸಿಗೆಯಲ್ಲಿ ದಾಂಡೇಲಿ ಕಡೆ ಬಿದಿರು ಕಡಿಯುವ ಕೆಲಸ. ಎಷ್ಟೋ ತಲೆಮಾರುಗಳ ಹಿಂದೆ ಸಮುದ್ರದಾಚೆಯಿಂದ ಹಡಗಿನಲ್ಲಿ ತಂದು ಇಳಿಸಿದವರ ಮಕ್ಕಳ ಮಕ್ಕಳು ನಮ್ಮವರು. ಆ ಸಮುದ್ರವನ್ನು ಕೇರಿಯಲ್ಲಿ ಯಾರೂ ನೋಡಿರಲಿಲ್ಲ.

ನಾನು ಆ ಕೇರಿಯ ಮಗಳು, ಆದರೆ ಹುಟ್ಟಿನಿಂದ ಸಿದ್ದಿಯಲ್ಲ. ಇದೇನು ಗುಟ್ಟಲ್ಲ, ಕೇರಿಯಲ್ಲಿ ನನಗಿದ್ದ ಅಡ್ಡಹೆಸರೇ ‘ಕೂಪಿನ ಕೂಸು’. ಕೋಗಿಲಬನದ ಹತ್ತಿರ ಕಾಡಿನ ಕೂಪಿನಲ್ಲಿ, ಅಂದರೆ ಕಡಿಯಲು ಗುರುತು ಹಾಕಿ ಕೊಟ್ಟ ಜಾಗದಲ್ಲಿ, ನಮ್ಮವರು ಬಿದಿರು ಕಡಿಯುತ್ತಿದ್ದಾಗ, ಪಕ್ಕದ ಗುಡಿಸಲಲ್ಲಿ ಬಯಲುಸೀಮೆಯ ಕಡೆಯ ಗಂಡ ಹೆಂಡತಿ ಇದ್ದರಂತೆ. ಆ ಹೆಂಗಸು ನನ್ನನ್ನು ಹೆತ್ತು ಜ್ವರದಲ್ಲಿ ತೀರಿಕೊಂಡಳು. ಗಂಡ, ಊರಿಗೆ ಸುದ್ದಿ ಮುಟ್ಟಿಸಿ ಬರುತ್ತೇನೆ ಎಂದು ಹೋದವನು ಹೊಳ್ಳಿ ಬರಲಿಲ್ಲ. ನಮ್ಮ ಅವ್ವನದು ಆಗಷ್ಟೇ ಕೂಸು ಹೋಗಿತ್ತು, ಎದೆಯಲ್ಲಿ ಹಾಲಿತ್ತು. ಅಳುವ ನನ್ನನ್ನು ಎತ್ತಿಕೊಂಡಳು, ಅಷ್ಟೇ. ಮಳೆ ಬೀಳುವ ಮುಂಚೆ ಎಲ್ಲರೂ ಕೇರಿಗೆ ಹೊರಟಾಗ ಸೆರಗಿನಲ್ಲಿ ನನ್ನನ್ನೂ ಕಟ್ಟಿಕೊಂಡು ಬಂದಳು. ಅಪ್ಪ, ಅಂದರೆ ಅವ್ವನ ಗಂಡ, ಕಾಡಿನ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರದ ಮನುಷ್ಯ. ಈ ಕಥೆಯಲ್ಲಿ ಅವನಿಲ್ಲ.

ಇದನ್ನೆಲ್ಲ ನನಗೆ ತಮಾಷೆಯಾಗಿಯೇ ಹೇಳುತ್ತಿದ್ದರು. ನಾನು ಹಟ ಮಾಡಿದರೆ, ಬಿದಿರಿನ ಜೊತೆ ನಿನ್ನನ್ನೂ ಲಾರಿಗೆ ಹಾಕಿ ಕಳಿಸಬೇಕಿತ್ತು ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ಕೂದಲು ನೆಟ್ಟಗಿತ್ತು, ಉಳಿದವರದು ಗುಂಗುರು. ನನ್ನ ಬಣ್ಣ ಬೇರೆ. ಆದರೆ ಅದು ಒಬ್ಬರ ಮೂಗು ಮೊಂಡು, ಇನ್ನೊಬ್ಬರದು ಚೂಪು ಎನ್ನುವಷ್ಟೇ ಬೇರೆ ಎಂದುಕೊಂಡಿದ್ದೆ. ಆ ಸಿನಿಮಾ ನೋಡುವ ತನಕ.

ಅವತ್ತು ಬಂದ ಗಾಡಿಯ ಮನುಷ್ಯ ಮೈಕು ಹಿಡಿದು, ಇದು ಮನೆಮಂದಿಯೆಲ್ಲ ಕೂಡಿ ನೋಡುವ ಚಿತ್ರ, ಮಕ್ಕಳನ್ನೂ ಕರೆತನ್ನಿ ಎಂದ. ಅಲ್ಲಿಗೇ ಅರ್ಧ ಜನರ ಜೀವ ಹಾರಿತು. ಮಕ್ಕಳನ್ನೂ ಎಂದರೆ ಈ ಸಲದ ಸೂಜಿ ಮಕ್ಕಳಿಗೆ! ಆದರೂ ಬಾರದಿದ್ದರೆ ಏನು ಮಾಡುತ್ತಾರೋ ಎಂದು ಎಲ್ಲರೂ ಬಂದು ಕೂತರು. ನಾನು ಅವ್ವನ ತೊಡೆಯ ಮೇಲೆ. ಆಗ ನನಗೆ ಎಂಟು ವರ್ಷ ಇದ್ದೀತು, ತೊಡೆಯ ಮೇಲೆ ಕೂರುವ ವಯಸ್ಸಲ್ಲ. ಆದರೆ ಹೆದರಿಕೆ ಇದ್ದಾಗ ಅವ್ವ ಬೇಡ ಎನ್ನುತ್ತಿರಲಿಲ್ಲ.

ಪರದೆಯ ಮೇಲೆ ಎಮ್ಮೆಗಳು ಬಂದವು. ನಿಜವಾದ ಎಮ್ಮೆಗಳಲ್ಲ, ಯಾರೋ ಕೈಯಿಂದ ಬರೆದ ಬಣ್ಣದ ಎಮ್ಮೆಗಳು. ಬರೆದವೇ ಆದರೂ ಬಾಲ ಬೀಸುತ್ತಿದ್ದವು, ಮೆಲುಕು ಹಾಕುತ್ತಿದ್ದವು. ಯಾವ ದೇಶದ ಚಿತ್ರವೋ ಏನೋ, ಮಾತೇ ಇಲ್ಲ, ಬರೀ ವಾದ್ಯ. ಒಂದು ಎಮ್ಮೆಗೆ ಹುಲ್ಲಿನಲ್ಲಿ ಒದ್ದೆಯಾಗಿ ನಡುಗುತ್ತ ಬಿದ್ದ ಬಿಳಿ ಕುದುರೆಮರಿ ಸಿಗುತ್ತದೆ. ಎಮ್ಮೆ ಅದನ್ನು ನೆಕ್ಕಿ ನೆಕ್ಕಿ ಒಣಗಿಸಿ ಹಾಲು ಕುಡಿಸುತ್ತದೆ. ಮರಿ ಬೆಳೆಯುತ್ತದೆ. ಎಮ್ಮೆಯ ಕರುಗಳು ತಲೆಗೆ ತಲೆ ಹಚ್ಚಿ ಗುದ್ದಾಡುವಾಗ ಇದಕ್ಕೆ ಕೋಡಿಲ್ಲ. ಹಾಗಾಗಿ ಎರಡು ಒಣಕಟ್ಟಿಗೆಗಳನ್ನು ಬಳ್ಳಿಯಿಂದ ತಲೆಗೆ ಕಟ್ಟಿಕೊಳ್ಳುತ್ತದೆ. ಬಿಳಿ ಮೈಗೆ ಕೆಸರಿನಲ್ಲಿ ಹೊರಳಿ ಹೊರಳಿ ಕಪ್ಪು ಮೆತ್ತಿಕೊಳ್ಳುತ್ತದೆ. ಆ ಕಟ್ಟಿಗೆಯ ಕೋಡು ಒಮ್ಮೆ ಕಣ್ಣ ಮೇಲೆ ಜಾರಿ ಬಿದ್ದು ಅದು ಮರಕ್ಕೆ ಢಿಕ್ಕಿ ಹೊಡೆದಾಗ, ಹೆದರಿ ಕೂತಿದ್ದ ನಮ್ಮ ಮಂದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನ ಹೊಟ್ಟೆ ನಗುವಿನಿಂದ ಕುಲುಕುವುದು ನನ್ನ ಬೆನ್ನಿಗೆ ತಾಕುತ್ತಿತ್ತು.

ಆಮೇಲೆ ಮಳೆ ಬಂತು, ಪರದೆಯ ಮೇಲೆ. ಮರಿಯ ಮೈಮೇಲಿನ ಕೆಸರು ಗೆರೆಗೆರೆಯಾಗಿ ಇಳಿಯಿತು. ಎಮ್ಮೆಯ ಗೊರಸು ಊರಿದ ಗುಂಡಿಯಲ್ಲಿ ನೀರು ನಿಂತಿತ್ತು. ಮರಿ ಅದರಲ್ಲಿ ಮುಖ ನೋಡಿಕೊಂಡಿತು, ಕಣ್ಣು ದೊಡ್ಡದಾಯಿತು. ಅವ್ವನ ಹೊಟ್ಟೆ ಕುಲುಕುವುದು ನಿಂತಿತು. ಅಷ್ಟರಲ್ಲಿ ಗುಡ್ಡದ ಮೇಲೆ ಬಿಳಿ ಕುದುರೆಗಳ ಹಿಂಡು ಬಂದು ನಿಂತಿತು. ತಾಯೆಮ್ಮೆ ತನ್ನ ಹಲ್ಲಿನಿಂದಲೇ ಮರಿಯ ತಲೆಯ ಮೇಲಿನ ಕಟ್ಟಿಗೆಗಳನ್ನು ಎಳೆದು ಬಿಸಾಡಿ, ಹಣೆಯಿಂದ ಮರಿಯನ್ನು ಮುಂದೆ ದಬ್ಬಿತು. ಮರಿ ನಿಂತಿತು, ಎಮ್ಮೆ ಮತ್ತೆ ದಬ್ಬಿತು. ಮರಿ ಓಡಿತು. ವಾದ್ಯ ಜೋರಾಯಿತು, ನಮ್ಮ ಮಂದಿ ಚಪ್ಪಾಳೆ ತಟ್ಟಿದರು. ಬಿಳಿ ಕುದುರೆಗಳ ನಡುವೆ ಅದು ಎಂಥಾ ಚಂದ ಓಡಿತೆಂದರೆ, ಕೊನೆಗೆ ನಮ್ಮ ಮರಿ ಯಾವುದು ಎಂದೇ ತಿಳಿಯಲಿಲ್ಲ. ಪರದೆ ಬೆಳ್ಳಗಾಯಿತು.

ಪ್ರತಿ ಸಲ ಸಿನಿಮಾ ಮುಗಿದ ಮೇಲೆ ಗಾಡಿಯವನು ಮೈಕಿನಲ್ಲಿ, ತಿಳೀತಲ್ಲ, ಹೀಗೆ ಮಾಡಬೇಕು ಎಂದು ವಿವರಿಸುತ್ತಿದ್ದ. ಅವತ್ತು ಜನರೇಟರ್ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಕತ್ತಲಲ್ಲೇ ಪರದೆ ಸುತ್ತಿಕೊಂಡು ಹೊರಟುಹೋದರು. ಆ ಎರಡು ಮಾತು ಅವನು ಆಡಿ ಹೋಗಿದ್ದರೆ ನನ್ನ ಬಾಲ್ಯದ ಅರ್ಧ ಹೆದರಿಕೆ ತಪ್ಪುತ್ತಿತ್ತು.

ಅರ್ಥ ಹೇಳುವವರಿಲ್ಲವಾದ್ದರಿಂದ ಅರ್ಥ ಮಾಡುವ ಕೆಲಸ ಅಜ್ಜನ ಮೇಲೆ ಬಿತ್ತು. ಅಜ್ಜ ಅಂದರೆ ಅವ್ವನ ದೊಡ್ಡಪ್ಪ, ಕೇರಿಯ ಹಿರಿಯ. ಒಳ್ಳೆಯ ಮನುಷ್ಯ, ಸರಕಾರ ಎಂದರೆ ಮಾತ್ರ ನಡುಗುತ್ತಿದ್ದ. ಮರುದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದು ಕೂತ. ಅವ್ವ ಚಹಾ ಕೊಟ್ಟರೆ ಬೇಡವೆಂದ. ಬಹಳ ಹೊತ್ತು ನೆಲ ಕೆದರಿದ. ನಾನು ಬಾಗಿಲ ಹಿಂದಿದ್ದೆ.

“ಏನ ಹೇಳ್ಯಾರಂತ ತಿಳೀತಿಲ್ಲೋ ಮಗಳ? ಬ್ಯಾರೆದವರ ಕೂಸು ಯಾರ ಮನ್ಯಾಗ ಐತಿ, ಅದನ್ನ ಅವರ ಮಂದಿಗೆ ಹೊಳ್ಳಿ ಕೊಡ್ರಿ ಅಂತ. ಜೀಪ್ ಬರತೈತಿ ಇನ್ನ.”

ಮಾತಾಡಿದ್ದು ಅಜ್ಜನ ಹೆಂಡತಿ, ನಾವೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ. ಅವಳ ಬಾಯಿಗೆ ಹೆದರದವರಿಲ್ಲ. ಅವಳು ಎಲೆಯಡಿಕೆ ಉಗಿದು, ಹಂಗಾದರ ನಮ್ಮನ್ನ ಎಲ್ಲಿಗೆ ಕಳಸ್ತಾರೋ ಎಂದು ಕೇಳಿದಳು. ಕೂಸಿಗೆ ಬಯಲುಸೀಮೆ ಐತಿ, ಕಾಲೊನಿ ಲಾಮಾಗಳಿಗೆ ಹಿಮದ ಗುಡ್ಡ ಐತಿ, ನಮ್ಮನ್ನ ಏನು ಸಮುದ್ರದಾಗ ದಬ್ಬತಾರೇನು? ಅಂಗಳದಲ್ಲಿ ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ಸಂತೆಗೆ ಹೋದರೆ ‘ಯಾವ ದೇಶದವರೋ ನೀವು’ ಎಂದು ಕೇಳುವವರು ಅವರಿಗೆ ಹೊಸಬರಲ್ಲ. ಕೇಳುವುದು ಬೇರೆ, ಕಳಿಸುವುದು ಬೇರೆ. ಮೊದಲು ಕೂಸು, ಆಮೇಲೆ ಕೇರಿ, ಹೀಗೆ ಆ ಚಿತ್ರದ ಅರ್ಥ ಒಂದೇ ಮುಂಜಾನೆಯಲ್ಲಿ ಬೆಳೆದುಬಿಟ್ಟಿತು. ಕೂಸನ್ನು ಮುಚ್ಚಿಟ್ಟು ಸಿಕ್ಕಿಬಿದ್ದರೆ ಕೇರಿ ಎಬ್ಬಿಸಲು ಅದೇ ನೆಪ ಸಾಕು ಎಂದು ಯಾರೋ ಅಂದರು.

ನನಗಾದ ಹೆದರಿಕೆಯನ್ನು ಹೇಗೆ ಹೇಳಲಿ? ಮರಿ ಓಡಿಹೋದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರಲ್ಲ, ಆ ಸದ್ದು ಕಿವಿಯಲ್ಲೇ ಕೂತಿತ್ತು. ನನ್ನನ್ನು ಕಳಿಸಿದರೂ ಹೀಗೇ ತಟ್ಟುತ್ತಾರೆ! ಅಷ್ಟು ಮಂದಿಗೆ ಖುಷಿಯಾಗುವ ಸಂಗತಿ ನನಗೆ ಮಾತ್ರ ಯಾಕೆ ಹೀಗೆ ಹೆದರಿಕೆ ಹುಟ್ಟಿಸುತ್ತಿದೆ ಎಂದು ತಿಳಿಯದೆ, ನನ್ನಲ್ಲೇ ಏನೋ ಕೆಟ್ಟದ್ದಿರಬೇಕು ಎಂದುಕೊಂಡೆ.

ಅವತ್ತಿನಿಂದ ಅವ್ವನ ನಡೆ ನನಗೆ ತಿಳಿಯದಾಯಿತು. ಬೆಳಿಗ್ಗೆ ಎದ್ದ ಕೂಡಲೇ ಪಾತ್ರೆಯ ತಳದ ಮಸಿಗೆ ಎಣ್ಣೆ ಕಲಸಿ ನನ್ನ ಮುಖ, ಕೈಕಾಲಿಗೆ ತಿಕ್ಕುತ್ತಿದ್ದಳು. ಕೂದಲನ್ನು ಸಣ್ಣ ಸಣ್ಣ ಎಳೆ ಮಾಡಿ, ತಲೆ ಚರ್ಮ ಎಳೆಯುವಷ್ಟು ಬಿಗಿಯಾಗಿ ಹೆಣೆದು ತಲೆಗೆ ಅಂಟಿಸಿ, ಮೇಲೊಂದು ಬಟ್ಟೆ ಕಟ್ಟುತ್ತಿದ್ದಳು. ಯಾರಾದರೂ ಕೇಳಿದರೆ ಕೂಸಿಗೆ ಹುಳುಕಡ್ಡಿ, ಮದ್ದು ಹಚ್ಚೇನಿ ಎನ್ನುತ್ತಿದ್ದಳು. ಗಾಡಿಯ ಸದ್ದು ದೂರದಲ್ಲಿ ಕೇಳಿದರೂ ಸಾಕು, ನನ್ನನ್ನು ಹಿತ್ತಿಲ ಬಿದಿರ ಮೆಳೆಯೊಳಗೆ ನೂಕುತ್ತಿದ್ದಳು. ಇದೆಲ್ಲ ಬಚ್ಚಿಡುವ ಕೆಲಸ, ತಿಳಿಯಿತು. ಆದರೆ ಅದೇ ಅವ್ವ ನನ್ನನ್ನು ಹತ್ತಿರ ಮಲಗಿಸಿಕೊಳ್ಳುವುದನ್ನು ಬಿಟ್ಟಳು. ಊಟಕ್ಕೆ ಬೇರೆ ತಟ್ಟೆ ಇಟ್ಟಳು. ನಾನು ತೊಡೆಯೇರಲು ಹೋದರೆ, ದೊಡ್ಡಾಕಿ ಆಗೀಯಲ್ಲ, ಸರಿ ಅತ್ತಾಗ ಎಂದು ಸರಿಸುತ್ತಿದ್ದಳು. ಒಂದು ಕೈಯಲ್ಲಿ ಕೆಸರು ಮೆತ್ತುತ್ತಿದ್ದಳು, ಇನ್ನೊಂದು ಕೈಯಲ್ಲಿ ದಬ್ಬುತ್ತಿದ್ದಳು. ಯಾವ ಕೈ ನಿಜ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ನಾನು ನೀರು ನೋಡುವುದನ್ನು ಬಿಟ್ಟೆ. ಹಳ್ಳಕ್ಕೆ ಹೋದರೆ ಕಣ್ಣು ಮುಚ್ಚಿಕೊಂಡು ಕೊಡ ಅದ್ದುತ್ತಿದ್ದೆ. ಎರಡು ಸಲ ಕಾಲು ಜಾರಿ ಬಿದ್ದೆ. ಬಟ್ಟಲಲ್ಲಿ ನೀರು ಕುಡಿಯುವಾಗಲೂ ಮೋರೆ ಮೇಲೆತ್ತಿ ಕುಡಿಯುತ್ತಿದ್ದೆ. ಮುಖ ಕಂಡುಬಿಟ್ಟರೆ ಕುದುರೆಗಳು ಬರುತ್ತವೆ ಎನ್ನುವುದು ನನ್ನ ಲೆಕ್ಕ. ಚಿತ್ರದಲ್ಲಿ ಹಾಗೇ ಆಗಿತ್ತಲ್ಲ, ಮೊದಲು ನೀರು, ಬೆನ್ನಿಗೇ ಕುದುರೆ. ಆಯಿ ನನ್ನನ್ನು ನೋಡಿ ನೋಡಿ, ಕೂಸಿಗೆ ಗಾಳಿ ಬಡದೈತಿ ಎಂದು ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಳು. ಘಾಟು ಹತ್ತಿ ಕೆಮ್ಮಿದೆ. ದೃಷ್ಟಿ ಕಳೀತು ಎಂದು ಅವಳು ಸಮಾಧಾನಪಟ್ಟಳು. ನನ್ನ ಹೆದರಿಕೆ ಇದ್ದಲ್ಲೇ ಇತ್ತು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಹೇಳದಿದ್ದರೆ ಹೊಟ್ಟೆಯುರಿ ಇಳಿಯುವುದಿಲ್ಲ. ಎಷ್ಟೋ ವರ್ಷಗಳಾದ ಮೇಲೆ, ಎಂಬತ್ತರ ದಶಕದಲ್ಲಿ, ನಾನು ಮಾಸ್ತರಿಕೆಯ ತರಬೇತಿಗೆ ಹೋದಾಗ ಅದೇ ಚಿತ್ರವನ್ನು ತೋರಿಸಿದರು. ಪಾಠ ಮಾಡುವವರು ಬೋರ್ಡಿನ ಮೇಲೆ ಬರೆದರು. ಕಟ್ಟಿಗೆಯ ಕೋಡು ಎಂದರೆ ಹೊರಗಿನಿಂದ ಹೇರಿಕೊಂಡ ಗುರುತು. ಕೆಸರು ಎಂದರೆ ತನ್ನನ್ನು ತಾನು ಮುಚ್ಚಿಕೊಳ್ಳುವುದು. ನೀರು ಎಂದರೆ ಅರಿವು. ಬಿಳಿ ಕುದುರೆಗಳು ಎಂದರೆ ತನ್ನತನ. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಕೆಳಗಿಟ್ಟೆ. ತನ್ನತನವಂತೆ! ಎದ್ದು ನಿಂತು, ಆಮೇಲೆ ಎಮ್ಮೆ ಏನಾಯಿತು ಸರ್ ಎಂದು ಕೇಳಿದೆ. ಪಾಪ, ಅವರು ಒಳ್ಳೆಯವರು, ಸಿಟ್ಟಾಗಲಿಲ್ಲ. ಈ ಚಿತ್ರ ಕುದುರೆಮರಿಯದು, ಎಮ್ಮೆಯದಲ್ಲ ಎಂದರು. ಅವರು ಹೇಳಿದ್ದು ಸರಿಯೇ ಇದ್ದೀತು. ಚಿತ್ರ ಮಾಡಿದವರ ಮನಸ್ಸಿನಲ್ಲಿ ಅದೇ ಇತ್ತೋ ಏನೋ. ಆದರೆ ಬಿಳಿಯೇ ಯಾಕೆ ನಿಜ, ಕಪ್ಪು ಯಾಕೆ ಬರೀ ಕೆಸರು ಎಂದು ನನಗೆ ಇವತ್ತಿಗೂ ಸಿಟ್ಟಿದೆ. ಕೆಸರಿನಲ್ಲಿ ಹೊರಳಿದ ಮರಿ ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಅದಕ್ಕೆ ತನ್ನ ಅವ್ವನ ಬಣ್ಣ ಬೇಕಾಗಿತ್ತು. ಇದನ್ನು ಅಲ್ಲಿ ಹೇಳಲಾಗಲಿಲ್ಲ, ಕೂತುಬಿಟ್ಟೆ.

ಇರಲಿ. ಆ ವರ್ಷ ಮಳೆ ಹತ್ತಿರ ಬಂತು. ನನಗೆ ಅದೇ ದೊಡ್ಡ ಗಾಬರಿ. ಅವ್ವ ತಿಕ್ಕಿದ ಮಸಿ ಮಳೆಗೆ ನಿಲ್ಲುತ್ತದೆಯೇ? ಮೋಡ ಕಟ್ಟಿದಾಗೆಲ್ಲ ನಾನು ಮನೆಯೊಳಗೆ ಸೇರಿ ಕಂಬ ಹಿಡಿದುಕೊಂಡು ಕೂರುತ್ತಿದ್ದೆ. ಮೊದಲ ಮಳೆ ಬಿದ್ದ ದಿನ ಕೇರಿಯ ಮಕ್ಕಳೆಲ್ಲ ಅಂಗಳದಲ್ಲಿ ಕುಣಿದವು, ಬಾಯಿ ತೆರೆದು ಹನಿ ಕುಡಿದವು, ಬಾರೇ ಬಾರೇ ಎಂದು ಕರೆದವು. ನಾನು ಹೋಗಲಿಲ್ಲ. ಅಂಥ ಮಳೆ, ಮಣ್ಣಿನ ವಾಸನೆ, ನನಗೆ ಅಳು. ಅವ್ವ ಒಲೆಯ ಮುಂದೆ ಕೂತು ನನ್ನನ್ನೇ ನೋಡುತ್ತಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ಮಳೆ ಹಿಡಿದ ಮೇಲೆ ಗಾಡಿಗಳು ಬರಲಾರವು, ಕೆಸರಿನಲ್ಲಿ ಹುಗಿಯುತ್ತವೆ, ಇನ್ನು ಈ ವರ್ಷ ಪಾರಾದೆವು ಎಂದು ಅಜ್ಜ ಅನ್ನುವ ಹೊತ್ತಿಗೇ ಜೀಪು ಬಂತು. ಹಗಲು ಹೊತ್ತು, ಮಳೆ ಬಿಡುವು ಕೊಟ್ಟಿತ್ತು. ಅದು ಕೆಸರಿನಲ್ಲಿ ಹುಗಿದು ಹುಗಿದು ಎದ್ದು ಬಂದದ್ದರಿಂದ ಸದ್ದು ಬೇಗ ಕೇಳಲಿಲ್ಲ. ನಾನು ಹಿತ್ತಿಲಿಗೆ ಓಡುವುದರೊಳಗೆ ಅಂಗಳಕ್ಕೇ ಬಂದು ನಿಂತಿತು. ಒಬ್ಬ ಸಾಹೇಬ ಇಳಿದ, ಒಬ್ಬಳು ನರ್ಸಬಾಯಿ ಇಳಿದಳು, ಕೈಯಲ್ಲಿ ಡಬ್ಬಿ. ಸಾಹೇಬ ಪ್ಯಾಂಟಿನ ಕೆಸರು ನೋಡಿಕೊಳ್ಳುತ್ತ, ಕೂಸುಗಳನ್ನೆಲ್ಲ ಹೊರಗೆ ಕರೆದುಕೊಂಡು ಬನ್ನಿ ಎಂದ.

ಕೂಸುಗಳನ್ನೆಲ್ಲ! ಅಜ್ಜನ ಮುಖ ಬೂದಿಯಾಯಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಉಳಿದ ತಾಯಂದಿರು ತಮ್ಮ ತಮ್ಮ ಮಕ್ಕಳ ಕೈ ಹಿಡಿದು ತಂದರು. ಆಗ ಅವ್ವ ಬಂದಳು. ನನ್ನ ತಲೆಗೆ ಕಟ್ಟಿದ ಬಟ್ಟೆಯನ್ನು ತಾನೇ ಬಿಚ್ಚಿದಳು. ಸೆರಗಿನ ತುದಿಗೆ ಉಗುಳು ಹಚ್ಚಿ ನನ್ನ ಕೆನ್ನೆ, ಹಣೆಯ ಮಸಿಯನ್ನು ಒರೆಸಿದಳು. ನಿಧಾನವಾಗಿ ಒರೆಸಿದಳು, ಮದುವೆಗೆ ಹೊರಟ ಮಗಳ ಮುಖ ಒರೆಸುವ ಹಾಗೆ. ನನ್ನನ್ನು ಅಂಗಳದ ನಡುವೆ ತಂದು, ಬೆನ್ನಿಗೆ ಕೈಯಿಟ್ಟು, ಜೀಪಿನ ಕಡೆ ದಬ್ಬಿದಳು.

ನಾನು ಎರಡು ಹೆಜ್ಜೆ ಹೋಗಿ ನಿಂತೆ. ಅವಳು ಮತ್ತೆ ದಬ್ಬಿದಳು.

“ತಗೊಂಡ ಹೋಗ್ರಿ ಸಾಹೇಬ್ರ. ಕೂಪಿನಾಗ ಸಿಕ್ಕ ಕೂಸು ಇದು. ನಾ ಕದ್ದಿಲ್ಲ್ರಿ, ಹಾಲ ಕುಡಿಸಿ ಜ್ವಾಕಿ ಮಾಡೇನಿ. ಕೇರಿ ಮಂದೀಗೆ ಏನೂ ಮಾಡಬ್ಯಾಡ್ರಿ.”

ಸಾಹೇಬನಿಗೆ ತಲೆಬುಡ ತಿಳಿಯಲಿಲ್ಲ. ಯಾರು ಹೇಳಿದರು ನಿಮಗೆ ಕೂಸು ಕೊಡಲು ಎಂದು ಕೇಳಿದ. ಅಜ್ಜ ಕೈ ಮುಗಿದುಕೊಂಡು, ನೀವೇ ಹೇಳಿದಿರಲ್ಲ, ಎಮ್ಮೆ ಕುದುರೆಯ ಸಿನಿಮಾದಲ್ಲಿ ಎಂದ. ಸಾಹೇಬ ನಗಲು ಶುರುಮಾಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅದು ಮಕ್ಕಳ ಚಿತ್ರ ಮಾರಾಯಾ, ನಗಲಿ ಅಂತ ತೋರಿಸಿದ್ದು ಎಂದ. ಯಾರೂ ನಗಲಿಲ್ಲ. ಅವನ ನಗುವೂ ನಿಂತಿತು. ನನ್ನ ಕಡೆ ನೋಡಿದ. ನನ್ನ ಕೂದಲು, ಅರ್ಧ ಮಸಿಯ ಮುಖ. ಆಮೇಲೆ ಅವ್ವನ ಕಡೆ.

ಹಾಗಾದರೆ ಈ ಕೂಸು ಯಾರದು ಎಂದು ಈಗ ನಿಜವಾಗಿ ಕೇಳಿದ. ಅಪ್ಪ ಯಾರು, ಕಾಗದಪತ್ರ ಏನಾದರೂ ಇದೆಯೇ, ಯಾರಿಗೆ ತಿಳಿಸಿದ್ದೀರಿ? ಅನಾಥ ಮಕ್ಕಳಿಗೆ ಊರಲ್ಲಿ ಆಶ್ರಮವಿದೆ, ಹೀಗೆಲ್ಲ ಇಟ್ಟುಕೊಳ್ಳುವ ಹಾಗಿಲ್ಲ ಎಂದ. ಕೆಟ್ಟವನೇನಲ್ಲ ಅವನು, ಮನುಷ್ಯನ ದನಿಯಲ್ಲೇ ಕೇಳಿದ. ಆದರೆ ಯಾರೂ ಕೇಳದೆ ಇದ್ದ ಪ್ರಶ್ನೆಯನ್ನು ನಾವೇ ಹೋಗಿ ಅವನ ಬಾಯಿಗೆ ಹಾಕಿದ್ದೆವು. ಅಲ್ಲಿಯವರೆಗಿನ ಹೆದರಿಕೆ ಪರದೆಯದು. ಈಗಿನದು ನಿಜದ್ದು, ಜೀಪಿನ ಹಿಂದಿನ ಸೀಟು ಖಾಲಿ ಇತ್ತು, ನನಗೆ ಕಾಣುತ್ತಿತ್ತು. ಅವ್ವ ಇದ್ದಬದ್ದ ಧೈರ್ಯವನ್ನೆಲ್ಲ ಆ ಮೊದಲ ಮಾತಿಗೇ ಖರ್ಚು ಮಾಡಿಬಿಟ್ಟಿದ್ದಳು. ಸಾಹೇಬ ನನ್ನನ್ನು ಕೇಳಿದ, ನಿನ್ನ ಅವ್ವ ಯಾರು ಎಂದು. ಆಕಿ ಎಂದು ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ದಬ್ಬಿದವಳನ್ನು ತೋರಿಸಿದರೆ ಅವಳಿಗೆ ಸಿಟ್ಟು ಬಂದೀತೋ ಏನೋ ಎಂದು ಹೆದರಿದೆ.

ಈ ಎಲ್ಲದರ ನಡುವೆ ನರ್ಸಬಾಯಿ ತನ್ನ ಪಾಡಿಗೆ ತಾನಿದ್ದಳು. ಜೀಪಿನ ಬಾನೆಟ್ಟಿನ ಮೇಲೆ ಡಬ್ಬಿ ತೆರೆದು, ಸೂಜಿಗೆ ಮದ್ದು ತುಂಬಿ, ಮೇಲೆತ್ತಿ ಒತ್ತಿದಳು. ತುದಿಯಿಂದ ನೀರಿನ ಎಳೆ ಚಿಮ್ಮಿತು. ಅವರು ಬಂದದ್ದೇ ಅದಕ್ಕೆ, ಮಕ್ಕಳಿಗೆ ಲಸಿಕೆ ಹಾಕಲು. ಎಲ್ಲರಿಗಿಂತ ಮುಂದೆ ನಿಂತವಳು ನಾನು. ಅವಳು ನನ್ನ ಕಡೆ ತಿರುಗಿದಳು.

ಆ ಸೂಜಿ ಕಂಡದ್ದೇ ತಡ, ನಾನು ಕುದುರೆಯನ್ನೂ ಮರೆತೆ, ಜೀಪನ್ನೂ ಮರೆತೆ. ಚಿಟ್ಟನೆ ಚೀರಿ ಹಿಂದಕ್ಕೆ ಓಡಿದೆ. ಅವ್ವನ ಸೀರೆಯ ನೆರಿಗೆಯೊಳಗೆ ತಲೆ ತೂರಿಸಿ, ಎರಡೂ ಕೈಯಿಂದ ಅವಳ ತೊಡೆ ಅಪ್ಪಿಕೊಂಡು, ಅವ್ವಾ ಬ್ಯಾಡವ್ವಾ, ಅವ್ವಾ ಬ್ಯಾಡವ್ವಾ ಎಂದು ಕೇರಿ ಹಾರಿಹೋಗುವ ಹಾಗೆ ಅತ್ತೆ. ಉಚ್ಚೆ ಹೊಯ್ದುಕೊಂಡೆ, ಅದೂ ಅವಳ ಕಾಲ ಮೇಲೆ. ಅವ್ವನ ಕೈ ಎರಡೂ ಗಾಳಿಯಲ್ಲಿ ನಿಂತಿದ್ದವು. ಮುಟ್ಟಬೇಕೋ ಬಿಡಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ.

ನರ್ಸಬಾಯಿ ಬೆಳಗಿನಿಂದ ಎಷ್ಟು ಕೇರಿ ತಿರುಗಿದ್ದಳೋ, ಎಷ್ಟು ಮಕ್ಕಳ ಒದೆ ತಿಂದಿದ್ದಳೋ, ಬೇಸತ್ತಿದ್ದಳು. ನಡೆದ ಮಾತು ಅರ್ಧ ಕೇಳಿದ್ದಳೋ ಇಲ್ಲವೋ. ಸೂಜಿ ಹಿಡಿದುಕೊಂಡು ಬಂದು ಅವ್ವನಿಗೆ ಗದರಿಸಿದಳು.

“ಏ ಬಾಯಿ, ಕೈ ಬಿಟ್ಟು ನಿಂತೀಯಲ್ಲ, ನಿನ್ನ ಮಗಳನ್ನ ಗಟ್ಟಿಯಾಗಿ ಹಿಡಕೋ. ಸೂಜಿ ಮುರೀತಂದ್ರ ಯಾರು ಹೊಣಿ?”

ಅವ್ವ ಹಿಡಿದುಕೊಂಡಳು. ನೆಲಕ್ಕೆ ಕುಸಿದು ಕೂತು, ನನ್ನನ್ನು ತೊಡೆಗೆ ಎಳೆದುಕೊಂಡು, ಉಸಿರು ಕಟ್ಟುವ ಹಾಗೆ ಹಿಡಿದುಕೊಂಡಳು. ನನಗೆ ಸೂಜಿ ಚುಚ್ಚಿದ್ದು ನೆನಪಿಲ್ಲ, ಅವಳ ಉಗುರು ಚುಚ್ಚಿದ್ದು ನೆನಪಿದೆ. ಅಜ್ಜ ಕತ್ತೆತ್ತಿ ಸುತ್ತ ನೋಡಿದ. ನಿನ್ನ ಮಗಳು ಎಂದರಲ್ಲ, ಗಟ್ಟಿಯಾಗಿ ಹಿಡಕೋ ಎಂದರಲ್ಲ, ಜೀಪಿನಿಂದ ಇಳಿದವರ ಬಾಯಿಂದಲೇ ಬಂತಲ್ಲ! ನಮ್ಮ ಮಂದಿಗೆ ಅದಕ್ಕಿಂತ ದೊಡ್ಡ ಅಪ್ಪಣೆ ಬೇರೆ ಇರಲಿಲ್ಲ. ಕೇಳಿದಿರೇನು, ಎಲ್ಲರೂ ಕೇಳಿದಿರೇನು ಎಂದು ಅಜ್ಜ ಒಬ್ಬೊಬ್ಬರನ್ನೂ ಕೇಳಿದ.

ಸಾಹೇಬ ಇನ್ನೂ ಏನೋ ಹೇಳುವವನಿದ್ದ. ನನ್ನನ್ನು ನೋಡಿದ, ಅವ್ವನ ಒದ್ದೆಯಾದ ಸೀರೆ ನೋಡಿದ, ಮೋಡ ನೋಡಿದ. ಮುಂದಿನ ಕೂಸು ಕರೀರಿ ಎಂದ. ಮಕ್ಕಳೆಲ್ಲ ಸರತಿಯಲ್ಲಿ ಅತ್ತು ಮುಗಿಸಿದ ಮೇಲೆ ಜೀಪು ಹೊರಟಿತು. ಗಂಡಸರು ಕೆಸರಿನಲ್ಲಿ ಇಳಿದು ಅದನ್ನು ದಬ್ಬಿ ಕೊಟ್ಟರು. ಅಂಥ ಖುಷಿಯಿಂದ ನಮ್ಮವರು ಸರಕಾರದ ಕೆಲಸ ಎಂದೂ ಮಾಡಿರಲಿಲ್ಲ.

ಅವ್ವ ನನಗೆ ಸ್ನಾನ ಮಾಡಿಸಿದಳು. ಬಿಸಿನೀರು ಹಾಕಿ, ಶೀಗೆಕಾಯಿ ಹಾಕಿ, ಮಸಿ ಎಲ್ಲ ಹೋಗುವ ತನಕ ತಿಕ್ಕಿದಳು. ಹೆಣಿಗೆ ಬಿಚ್ಚಿ ಕೂದಲು ಇಳಿಬಿಟ್ಟಳು. ನಾನು ಒಲೆಯ ಮುಂದೆ ಅವಳ ಮಡಿಲಲ್ಲಿ ಕೂತಿದ್ದೆ, ತೋಳು ಬಾತಿತ್ತು, ಅವಳು ಎಣ್ಣೆ ಬಟ್ಟೆಯಿಂದ ಕಾವು ಕೊಡುತ್ತಿದ್ದಳು. ಎಲ್ಲ ಮುಗಿದಿತ್ತು, ನಾನು ಸುಮ್ಮನಿರಬೇಕಿತ್ತು. ಆದರೂ ಕೇಳಿದೆ. ಅವ್ವಾ, ಸಾಹೇಬ ಕೊಡು ಅಂದಿದ್ದರೆ ನನ್ನನ್ನು ಕೊಡುತ್ತಿದ್ದೆಯಾ?

ಅಳಬಹುದು, ಹುಚ್ಚಿ ಎಂದು ತಲೆಗೆ ಮೊಟಕಬಹುದು, ಇಲ್ಲ ಎನ್ನಬಹುದು ಎಂದುಕೊಂಡಿದ್ದೆ. ಅವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬಟ್ಟೆಯನ್ನು ಮತ್ತೆ ಕಾಯಿಸಿ, ನನ್ನ ತೋಳಿನ ಮೇಲಿಟ್ಟು ಒತ್ತಿದಳು.

“ಕೊಡೋದೇನು, ನಾ ಕೊಟ್ಟ ಆಗಿತ್ತು. ನೀನ ಹೊಳ್ಳಿ ಬಂದಿ.”

ಅವ್ವ ಹೋಗಿ ಎಷ್ಟೋ ವರ್ಷಗಳಾದವು. ನಾನೂ ಮುದುಕಿಯಾಗುತ್ತ ಬಂದೆ. ಆದರೂ ಆ ಮಾತು ನೆನಪಾದಾಗ ಅದೇ ಹಳೆಯ ಹೆದರಿಕೆ ಹೊಳ್ಳಿ ಬರುತ್ತದೆ. ನರ್ಸಬಾಯಿ ಮೊದಲು ಬೇರೆ ಯಾವುದಾದರೂ ಕೂಸಿನ ಕಡೆ ತಿರುಗಿದ್ದರೆ, ನಾನು ಧೈರ್ಯದ ಹುಡುಗಿಯಾಗಿದ್ದರೆ, ಅವತ್ತು ಆ ಸೂಜಿಗೆ ನಾನು ಹೆದರದೆ ಹೋಗಿದ್ದರೆ?